ಕ್ಷೌರದ ಎಮಿಲ್ ಮತ್ತು ಆರು ಪಾಯಿಂಟಿನ ಹೊರೆ

ಎಮಿಲ್ ಕೊವಾಲಿಕ್‌ನ ಅಜ್ಜ ಯುರಾಯ್ ಕೊವಾಲಿಕ್ ಟಾಟ್ರಾ ಬೆಟ್ಟಗಳ ಆಚೆಯಿಂದ ಹಡಗು ಹತ್ತಿ ಬಂದವನು. ಕುರಿ ಕಾಯುತ್ತಿದ್ದ ಕೈ ನಮ್ಮ ಹಾರ್ಕನ್ ಊರಿನ ಉಕ್ಕಿನ ಕುಲುಮೆಗೆ ಬಿದ್ದು ಕಪ್ಪಾಯಿತು. ಒಂದು ದಿನ ಕುಲುಮೆ ಬಾಯಿಬಿಟ್ಟು ಕಾದ ಲೋಹ ನೆಲದ ಮೇಲೆ ಹರಿದಾಗ, ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಯುರಾಯ್ ಒಬ್ಬನೇ ಹಿಂದಕ್ಕೆ ಹೋಗಿ ಕಾಲು ಸುಟ್ಟುಕೊಂಡು ಬಿದ್ದಿದ್ದ ಮೇಸ್ತ್ರಿಯನ್ನು ಮೂಟೆಯಂತೆ ಹೊತ್ತು ತಂದ. ಆ ಮೇಸ್ತ್ರಿ ಅಲ್ಲಿಯವರೆಗೆ ಅವನನ್ನು ಹೆಸರು ಹಿಡಿದು ಕರೆದವನಲ್ಲ, 'ಏಯ್' ಎನ್ನುತ್ತಿದ್ದ. ಆಮೇಲೆಯೂ 'ಏಯ್' ಎಂದೇ ಕರೆದ, ಆದರೆ ಟೋಪಿ ತೆಗೆದು.

ಯುರಾಯ್‌ನ ಮಗ ಮೆಟೋದ್ ಭಾನುವಾರದ ಪೂಜೆ ಮುಗಿಸಿ ಕಾರ್ಖಾನೆ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದ, ಚೆಂಡನ್ನು ಕೈಯಲ್ಲಿ ಅವಚಿಕೊಂಡು ಗುದ್ದಾಡಿ ಓಡುವ ಈ ದೇಶದ ಫುಟ್‌ಬಾಲು. ಆಗಿನ್ನೂ ತಲೆಗೆ ಚರ್ಮದ ಟೋಪಿ, ಹಲ್ಲು ಕಾಯಲು ಏನೂ ಇಲ್ಲ. ಹೆಗಲ ಮೂಳೆ ಮುರಿದಾಗ ಹೆಂಡತಿಯ ತಲೆವಸ್ತ್ರದಿಂದ ಬಿಗಿದು ಕಟ್ಟಿಕೊಂಡು ಮತ್ತೆ ಕಣಕ್ಕಿಳಿದವನು. ಪಟ್ಟಣದ ಜೂಜುಗಾರನೊಬ್ಬ ಬಂದು, ಬರುವ ಭಾನುವಾರ ಚೆಂಡನ್ನು ಒಂದು ಸಲ ಕೈಬಿಟ್ಟರೆ ಸಾಕು, ಚಳಿಗಾಲದ ಕಲ್ಲಿದ್ದಲು ಮನೆಗೆ ಬಂದು ಬೀಳುತ್ತದೆ ಎಂದ. ಮೆಟೋದ್ ಕೊನೆಯವರೆಗೂ ತಾಳ್ಮೆಯಿಂದ ಕೇಳಿದ. ಕೇಳಿಯಾದ ಮೇಲೆ ಅವನನ್ನು ಸೊಂಟಪಟ್ಟಿ ಹಿಡಿದೆತ್ತಿ ನದಿಗೆ ಹಾಕಿದ. ಆಮೇಲೆ ಅವನ ಟೋಪಿ ದಡದಲ್ಲೇ ಉಳಿಯಿತಲ್ಲ ಎಂದು ಅದನ್ನೂ ಎಸೆದ.

ಇಂಥವರ ಮನೆಯಲ್ಲಿ ಎಮಿಲ್ ಹುಟ್ಟಿದ. ಎಳವೆಯಲ್ಲೇ ಜ್ವರ ಬಂದು ಎಡಗಾಲು ಸೊರಗಿತು. ಕುಲುಮೆಯೂ ಇಲ್ಲ, ಆಟವೂ ಇಲ್ಲ. ಇಗರ್ಜಿಯ ಇಳಿಜಾರಿನಲ್ಲಿ ಕ್ಷೌರದಂಗಡಿ ಇಟ್ಟ. ಊರಿನ ಗಂಡಸರ ತಲೆಗಳೆಲ್ಲ ಅವನ ಕೈಯಲ್ಲಿದ್ದವು. ಫುಟ್‌ಬಾಲಿನ ಶರತ್ಕಾಲ ಬಂತೆಂದರೆ ಅವರ ಚಿಲ್ಲರೆ ಡಾಲರುಗಳೂ. ಎಮಿಲ್ ಬಾಜಿಯ ಕಾರ್ಡು ಹಂಚುತ್ತಿದ್ದ. ಪಟ್ಟಣದಿಂದ ಗಸ್ ಪಪ್ಪಾಸ್ ಎಂಬ ಗ್ರೀಕನೊಬ್ಬ ವಾರಕ್ಕೊಂದು ಕಟ್ಟು ಕಾರ್ಡು ತಂದುಕೊಡುತ್ತಿದ್ದ, ಆ ವಾರದ ದೊಡ್ಡ ಫುಟ್‌ಬಾಲ್ ಆಟಗಳೆಲ್ಲ ಅದರ ಮೇಲೆ; ಗೆಲ್ಲುವವರಿಗೆ ಗುರುತು ಹಾಕಿ ದುಡ್ಡಿನ ಜೊತೆ ಕೊಡಬೇಕು. ಕಾನೂನಿಗೆ ಅದು ಸಲ್ಲದು ಎಂದು ನಮ್ಮ ಪೊಲೀಸಿನವನಿಗೂ ಗೊತ್ತಿತ್ತು. ಅವನು ಕ್ಷೌರ ಮಾಡಿಸಿಕೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಹೋಗುವಾಗ ತನ್ನ ಕಾರ್ಡನ್ನೂ ತುಂಬಿ ಕೊಡುತ್ತಿದ್ದ.

ಹೆಂಗಸರು ಕ್ಷೌರದಂಗಡಿಗೆ ಕಾಲಿಡದ ಕಾಲದಲ್ಲಿ ಹಾಂಕಾ ಮುದುಕಿ ಮಾತ್ರ ರಾಜಾರೋಷವಾಗಿ ಬರುತ್ತಿದ್ದಳು. ಗಂಡ, ಮಗ ಇಬ್ಬರನ್ನೂ ಕಾರ್ಖಾನೆಗೆ ಬಲಿ ಕೊಟ್ಟು, ಮೊಮ್ಮಗ ಮತೂಶ್‌ನನ್ನು ಒಬ್ಬಳೇ ಸಾಕುತ್ತಿದ್ದವಳು. ಕಾಯುವವರ ಬೆಂಚಿನಲ್ಲಿ ಅವಳಿಗೊಂದು ಜಾಗ ಇತ್ತು.

"ಎಮಿಲ್, ಈ ಸಲ ನಂಗೆ ತಲೆಗೆ ಹೋಗೋ ಹಂಗೆ ಹೇಳಪ್ಪ. ಹೋದ ವಾರ ನಾನು ಕಟ್ಟಿದ ತಂಡ ಗೆದ್ದಿತ್ತು. ರೇಡಿಯೋದಲ್ಲಿ ನಾನೇ ಕೇಳ್ದೆ. ನೀನು ನೋಡಿದ್ರೆ ಸೋತೆ ಅಂತೀಯ."

"ಹಾಂಕಕ್ಕ, ನಾನೂ ನಿನ್ನ ಮತೂಶೂ ಓಟ ಓಡಿದ್ರೆ ಯಾರ ಮೇಲೆ ಕಟ್ತೀಯ?"

"ನಿನ್ನ ಕುಂಟುಗಾಲಿನ ಮೇಲೆ ಯಾವ ಹುಚ್ಚ ಕಟ್ತಾನೆ?"

"ಎಲ್ಲಾರೂ ಅವನ ಮೇಲೇ ಕಟ್ಟಿದ್ರೆ ಬಾಜಿ ನಡಿಯೋದು ಹೆಂಗೆ? ಅದಕ್ಕೆ ನನ್ನನ್ನ ಇಗರ್ಜಿ ಬಾಗಿಲ ತನಕ ಮುಂದೆ ಬಿಡ್ತಾರೆ. ಅಲ್ಲಿಂದ ಓಟ ಶುರು. ಮತೂಶ್ ಬರೀ ಗೆದ್ರೆ ಸಾಲ್ದು, ಆ ಬಿಟ್ಟ ದೂರಾನೂ ನುಂಗಿ ಗೆಲ್ಬೇಕು. ಕಾರ್ಡಲ್ಲಿ ನಿನ್ನ ತಂಡದ ಪಕ್ಕ ಏಳು ಅಂತ ಇತ್ತಲ್ಲ, ಅದೇ ಆ ದೂರ. ನಿನ್ನೋರು ಏಳಕ್ಕಿಂತ ಜಾಸ್ತಿ ಪಾಯಿಂಟಲ್ಲಿ ಗೆಲ್ಬೇಕಿತ್ತು. ಮೂರರಲ್ಲಿ ಗೆದ್ರು."

"ಸರಿಯಾಗಿ ಏಳರಲ್ಲಿ ಗೆದ್ದಿದ್ರೆ?"

"ಒಂದೇ ಆಟದ ಮೇಲೆ ಕಟ್ಟಿದ್ರೆ ದುಡ್ಡು ವಾಪಸ್. ಕಾರ್ಡಲ್ಲಾದ್ರೆ ಅದೂ ಸೋತಂಗೇ."

"ಹಂಗಾದ್ರೆ ಕಾರ್ಡು ಮಾಡ್ದೋನು ಕಳ್ಳ."

"ನಾನೇನು ಅಲ್ಲ ಅಂದ್ನಾ?"

ಬೆಂಚಿನ ಮೇಲಿದ್ದ ನಾವೆಲ್ಲ ನಕ್ಕೆವು. ಹಾಂಕಾ ನಗಲಿಲ್ಲ, ಎಲ್ಲ ಬಗೆಯನ್ನೂ ಬಿಡಿಸಿ ಹೇಳು ಎಂದು ಪಟ್ಟು ಹಿಡಿದಳು. ಎಮಿಲ್ ಒಬ್ಬನ ಕೆನ್ನೆಗೆ ನೊರೆ ಹಚ್ಚುತ್ತಲೇ ಹೇಳಿದ. ಪಾಯಿಂಟಿನ ತಂಟೆಯೇ ಬೇಡ, ಯಾರು ಗೆಲ್ಲುತ್ತಾರೋ ಅವರ ಮೇಲೆ ಕಟ್ಟುತ್ತೇನೆ ಎಂದರೆ ಅದಕ್ಕೂ ದಾರಿ ಉಂಟು. ಆದರೆ ಬಲವಾದ ತಂಡ ಗೆದ್ದರೆ ಕೈಗೆ ಬರುವುದು ಉಪ್ಪಿಗೂ ಸಾಲದು, ಬಡ ತಂಡ ಗೆದ್ದರೆ ಮಾತ್ರ ಜೇಬು ತುಂಬುತ್ತದೆ. ಎರಡೂ ತಂಡ ಕಂಡರಾಗದವನು ಒಟ್ಟು ಪಾಯಿಂಟಿನ ಮೇಲೆ ಕಟ್ಟಬಹುದು. ಯಾರು ಗೆದ್ದರೇನು, ಇಬ್ಬರದ್ದೂ ಕೂಡಿದರೆ ಹೇಳಿದ ಸಂಖ್ಯೆಯ ಮೇಲೆ ಹೋಗುತ್ತದೋ ಕೆಳಗೆ ಉಳಿಯುತ್ತದೋ ಅಷ್ಟೇ. ಇನ್ನು ಕಾರ್ಡೆಂದರೆ ನಾಲ್ಕಾರು ಆಟಗಳನ್ನು ಒಂದೇ ಹಗ್ಗಕ್ಕೆ ಪೋಣಿಸಿದಂತೆ. ಎಲ್ಲವೂ ಹೇಳಿದ ಹಾಗೇ ಆದರೆ ಹಬ್ಬ, ಒಂದು ತಪ್ಪಿದರೂ ಹಗ್ಗವೇ ಬಿಚ್ಚಿಹೋಯಿತು.

ಎಲ್ಲ ಕೇಳಿಸಿಕೊಂಡು ಹಾಂಕಾ ಎಂದಿನಂತೆ ಸಂತರ ಹೆಸರಿಟ್ಟುಕೊಂಡ ತಂಡದ ಮೇಲೇ ಕಟ್ಟಿದಳು. ಆ ತಂಡ ಎಂದಿನಂತೆ ಸೋತಿತು.

ಎಮಿಲ್‌ನದು ಒಂದೇ ಕಟ್ಟಳೆ. ಹಾರ್ಕನ್ ಹೈಸ್ಕೂಲಿನ ತಂಡದ ಮೇಲೆ ಅವನ ಅಂಗಡಿಯಲ್ಲಿ ಯಾರೂ ಬಾಜಿ ಕಟ್ಟುವಂತಿಲ್ಲ. ಪಕ್ಕದ ಊರುಗಳ ಕ್ಷೌರದಂಗಡಿಗಳಲ್ಲಿ, ಹೆಂಡದಂಗಡಿಗಳಲ್ಲಿ ತಮ್ಮ ತಮ್ಮ ಹೈಸ್ಕೂಲಿನ ಆಟಕ್ಕೆ ಧಾರಾಳವಾಗಿ ಕಟ್ಟುತ್ತಿದ್ದರು. ಗಸ್ ಪಪ್ಪಾಸ್‌ಗೆ ಹಾರ್ಕನ್ ಆಟದ ಮೇಲೆ ಬಾಯಲ್ಲಿ ನೀರು.

"ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನದ ಆಟ ಒಂದನ್ನಾದ್ರೂ ಬಿಡು ಮಾರಾಯ. ಹಾರ್ಕನ್‌ಗೂ ಪಕ್ಕದೂರು ಗ್ಲೆನ್‌ಫೀಲ್ಡ್‌ಗೂ ಆಟ ಅಂದ್ರೆ ಜನ ಹೆಂಡ್ತಿ ಬಳೆ ತಂದು ಕಟ್ತಾರೆ."

"ದೊಡ್ಡ ತಂಡದೋರು ಸಂಬಳಕ್ಕೆ ಆಡ್ತಾರೆ ಗಸ್. ಅವರ ಮೇಲೆ ಎಷ್ಟು ಬೇಕಾದ್ರೂ ಕಟ್ಟು. ಇವು ನಾನು ಮೊದಲ ಕೂದಲು ತೆಗೆದ ತಲೆಗಳು. ಅಳ್ತಾ ಇದ್ದಾಗ ಬಾಯಿಗೆ ಸಕ್ಕರೆ ಉಂಡೆ ಇಟ್ಟು ಕತ್ತರಿಸಿದೀನಿ. ಇವಕ್ಕೆ ಬೆಲೆ ಹಾಕಲ್ಲ."

ಜೂಜಿನ ಕಾರ್ಡು ಹಂಚುವವನಾದರೂ ಎಮಿಲ್ ನಮ್ಮ ಹುಡುಗರ ಆಟದ ಬಗ್ಗೆ ಒಂದು ಮಾತು ಹೇಳಿದರೆ ಊರು ಅದನ್ನು ಪಾದ್ರಿಯ ಮಾತಿಗಿಂತ ಒಂದು ಕೈ ಮೇಲೆ ಇಡುತ್ತಿತ್ತು, ಈ ಕಟ್ಟಳೆಯ ಕಾರಣಕ್ಕೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಕುರ್ಚಿ ಹಳತು. ಅವನಿಗೆ ಆಸ್ತಿ ಅಂತ ಇದ್ದದ್ದು ಆ ನಂಬಿಕೆ ಒಂದೇ.

ಆ ತಂಡದ ಕೋಚ್ ರಾಡೆಕ್ ಸಿವಾಕ್. ಎಮಿಲ್‌ನ ತಂಗಿ ಲುಡ್ಮಿಲಾಳ ಗಂಡ. ಎತ್ತರದ ಆಳು, ನಗುಮುಖ, ಊರಿನ ಹಸುಗೂಸಿಗೂ ಪರಿಚಯ. ಅವನೇ ತಂದ ಪದ್ಧತಿಯೊಂದಿತ್ತು. ಶರತ್ಕಾಲದ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಗಿನ ಆಟ ಹೈಸ್ಕೂಲಿನ ಕೊನೆಯ ವರ್ಷದ ಹುಡುಗರಿಗೆ ಕೊನೆಯ ಆಟ. ವರ್ಷಗಟ್ಟಲೆ ಬೇರೆಯವರಿಗೆ ದಾರಿ ಬಿಡಿಸಿಕೊಟ್ಟು ಮೈ ಜಜ್ಜಿಸಿಕೊಂಡ, ಒಮ್ಮೆಯೂ ಚೆಂಡು ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿ ಪಾಯಿಂಟು ತರದ ಹುಡುಗನಿಗೆ ಅಂದು ಗೆರೆಯ ಹತ್ತಿರ ಒಂದು ಸಲ ಚೆಂಡು ಕೊಡಬೇಕು. ಕೊನೆಯ ಚೆಂಡು ಎನ್ನುತ್ತಿದ್ದೆವು. ಗೆದ್ದರೂ ಸೋತರೂ ಅದು ತಪ್ಪಿದ್ದಿಲ್ಲ. ಅದು ಸಿಕ್ಕವನು ಕುಲುಮೆಯಲ್ಲಿ ಮುದುಕನಾಗುವ ತನಕ ಅದನ್ನು ಹೇಳಿಕೊಂಡು ತಿರುಗುತ್ತಿದ್ದ. ಆ ವರ್ಷ ಅದು ಹಾಂಕಾಳ ಮೊಮ್ಮಗ ಮತೂಶ್‌ನ ಸರದಿ ಎಂದು ಎಲ್ಲರಿಗೂ ಗೊತ್ತಿತ್ತು. ಹಾಂಕಾ ಆ ದಿನಕ್ಕೆಂದೇ ಹೊಸ ಶಾಲು ಹೆಣೆದಿದ್ದಳು.

ರಾಡೆಕ್ ಶನಿವಾರ ಬೆಳಗ್ಗೆ ಭಾವನ ಅಂಗಡಿಗೆ ಬಂದು ಗಡ್ಡ ತೆಗೆಸಿಕೊಳ್ಳುತ್ತಿದ್ದ. ಬಾಜಿ ಕಟ್ಟುವವನಲ್ಲ, ಆದರೆ ಎಮಿಲ್ ಹೇಳುವುದನ್ನು ಕಿವಿ ನಿಮಿರಿಸಿ ಕೇಳುತ್ತಿದ್ದ. ಆ ಶರತ್ಕಾಲದಲ್ಲಿ ಒಮ್ಮೆ ಕೇಳಿದ.

"ಭಾವ, ಹಂಗಾದ್ರೆ ಒಂದು ತಂಡ ಸೋಲದೇನೇ ತನ್ನ ಮೇಲೆ ಕಟ್ಟಿದೋರನ್ನ ಸೋಲಿಸಬೋದು ಅಂತಾಯ್ತು."

"ಈ ಕಸುಬಿನ ಕೊಳಕು ಮೂಲೆ ಅದೇ ರಾಡೆಕ್. ದುಡ್ಡು ಕೊಟ್ರೂ ಸೋಲೋಕೆ ಮನುಷ್ಯ ನಾಚ್ಕೋತಾನೆ. ಕಮ್ಮೀಲಿ ಗೆಲ್ಲೋಕೆ ಯಾರೂ ನಾಚಲ್ಲ. ಹಿಡಿಯೋಕೂ ಆಗಲ್ಲ."

"ಅಬ್ಬಾ, ಎಂಥಾ ತಲೆ ಇಟ್ಟಿದಾರೆ," ಎಂದು ರಾಡೆಕ್ ಕನ್ನಡಿಯಲ್ಲಿ ತನ್ನ ಗಲ್ಲ ನೋಡಿಕೊಂಡ.

ಥ್ಯಾಂಕ್ಸ್‌ಗಿವಿಂಗ್ ಬೆಳಗ್ಗೆ ನೆಲ ಹೆಪ್ಪುಗಟ್ಟಿತ್ತು. ಮನೆಮನೆಯಲ್ಲಿ ಟರ್ಕಿಯನ್ನು ಒಲೆಗೆ ತಳ್ಳಿ ಊರೆಲ್ಲ ಮೈದಾನಕ್ಕೆ ಬಂದಿತ್ತು. ಗ್ಲೆನ್‌ಫೀಲ್ಡಿನವರು ಸುಲಭದ ತುತ್ತಾಗಲಿಲ್ಲ. ಆಟ ಮುಗಿಯಲು ನಿಮಿಷವೋ ಒಂದೂವರೆ ನಿಮಿಷವೋ ಇದ್ದಾಗ ನಾವು ಹದಿನೇಳು, ಅವರು ಹದಿಮೂರು. ಚೆಂಡು ನಮ್ಮದು, ಅವರ ಗೆರೆಗೆ ಎರಡು ಹೆಜ್ಜೆ. ಆಟ ನಿಲ್ಲಿಸಿ ಉಸಿರೆಳೆಯುವ ಅವಕಾಶವನ್ನೆಲ್ಲ ಗ್ಲೆನ್‌ಫೀಲ್ಡಿನವರು ಮೊದಲೇ ಖರ್ಚು ಮಾಡಿದ್ದರು. ಜನ ಎದ್ದು ನಿಂತರು. ಯಾರೋ "ಮತೂಶ್" ಎಂದರು, ಮರದ ಮೆಟ್ಟಿಲುಗಳೆಲ್ಲ ಅದೇ ಹೆಸರು ಹೇಳತೊಡಗಿದವು. ಮತೂಶ್ ಕೋಚ್ ಕಡೆ ತಿರುಗಿ ನೋಡಿದ. ರಾಡೆಕ್ ಅಂಗೈ ಕೆಳಗೆ ಮಾಡಿ ತೋರಿಸಿದ. ಚೆಂಡು ಹಂಚುವ ಹುಡುಗ ಚೆಂಡು ತಗೊಂಡು ಅಲ್ಲೇ ಮಂಡಿ ಊರಿದ. ಹಾಗೆ ಊರಿದರೆ ಆ ಸರದಿ ಅಲ್ಲಿಗೇ ಮುಗಿದಂತೆ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಮತ್ತೊಮ್ಮೆ ಅದೇ. ಗಡಿಯಾರ ತಾನಾಗಿ ಓಡಿ ಮುಗಿಯಿತು. ಗೆದ್ದೆವು.

ಮೊದಲು ಒಂದು ಗೊಣಗು ಎದ್ದಿತು. ಆಮೇಲೆ ಯಾರೋ, ಸೋತು ಸುಣ್ಣವಾದ ನೆರೆಯೂರಿನವರ ಮುಖಕ್ಕೆ ಇನ್ನೊಂದು ಬಾರಿಸದೆ ಬಿಟ್ಟನಲ್ಲ, ಅದು ದೊಡ್ಡತನ ಎಂದರು. ಗ್ಲೆನ್‌ಫೀಲ್ಡಿನ ಕೋಚ್ ಬಂದು ರಾಡೆಕ್‌ನ ಕೈ ಕುಲುಕಿದ್ದನ್ನು ಕಂಡು ಆ ಮಾತೇ ನಿಂತಿತು.

ಹಾಂಕಾ ಮಾತ್ರ ಇಗರ್ಜಿಯ ಸಭಾಂಗಣದಲ್ಲಿ ಎಮಿಲ್‌ನನ್ನು ಹಿಡಿದು ನಿಲ್ಲಿಸಿದಳು. ಹೊಸ ಶಾಲು ಹೆಗಲಿಂದ ಜಾರಿತ್ತು.

"ನನ್ನ ಮಗು ಟ್ರಕ್ಕಲ್ಲಿ ಕೂತ್ಕೊಂಡಿದೆ, ಊಟಕ್ಕೂ ಇಳೀತಿಲ್ಲ. ಎಲ್ಲಾರಿಗೂ ಸಿಕ್ಕಿದ್ದು ಅವನಿಗ್ಯಾಕೆ ಸಿಗ್ಲಿಲ್ಲ? ಅಪ್ಪ ಇಲ್ದೋನು ಅಂತಾನಾ?"

"ಅಲ್ಲ ಹಾಂಕಕ್ಕ. ನಾಲ್ಕೇ ಪಾಯಿಂಟು ಮುಂದೆ ಇದ್ವಿ. ಮಂಜು ನೆಲ, ಚೆಂಡು ಕೈಜಾರಿ ಅವರು ಎತ್ಕೊಂಡು ಓಡಿದ್ರೆ? ಒಬ್ಬನಿಗೋಸ್ಕರ ಮಿಕ್ಕ ಹುಡುಗರ ಗೆಲುವನ್ನ ಕಳೆಯೋಕಾಗುತ್ತಾ? ರಾಡೆಕ್‌ಗೂ ಹೊಟ್ಟೆ ಉರಿದಿರುತ್ತೆ. ನನ್ನ ಮಾತು ನಂಬು, ಅವನು ನ್ಯಾಯವಾಗೇ ಆಡಿಸಿದ್ದು."

ಹಾಂಕಾ ಅವನ ಮುಖವನ್ನೇ ನೋಡಿದಳು. "ನೀನು ಹೇಳಿದ ಮೇಲೆ ಸರಿ," ಎಂದು ಶಾಲು ಎಳೆದುಕೊಂಡು, ಮೊಮ್ಮಗನಿಗೆ ಅದನ್ನೇ ಹೇಳಲು ಹೊರಗೆ ಹೋದಳು.

ಮುಂದಿನ ವಾರ ಕಾರ್ಡು ತಂದ ಗಸ್ ಪಪ್ಪಾಸ್ ಟೋಪಿ ತೆಗೆಯದೆ ಕೂತ.

"ನಿಮ್ಮೂರೋರು ಹುಡುಗರ ಮೇಲೆ ಬಾಜಿ ಕಟ್ಟಲ್ಲ ಅಂತ ದೊಡ್ಡದಾಗಿ ಹೇಳ್ತೀಯಲ್ಲ ಎಮಿಲ್. ನಿಮ್ಮೂರಿನ ಪುಣ್ಯಾತ್ಮನೊಬ್ಬ ನನ್ನನ್ನ ಬೋಳಿಸ್ಬಿಟ್ಟ."

"ಹಾರ್ಕನ್ ಗೆಲ್ಲುತ್ತೆ ಅಂತ ಕಟ್ಟಿದ್ನಾ?"

"ಅಂಥವರು ಬೇಕಾದಷ್ಟಿದ್ರು, ಸುತ್ತಲ ಊರೋರು. ಅವರದ್ದೆಲ್ಲ ನನ್ನ ಜೇಬಿಗೇ ಬಂತು. ಹಾರ್ಕನ್‌ಗೆ ಆರು ಪಾಯಿಂಟಿನ ಹೊರೆ ಇಟ್ಟಿದ್ದೆ, ಆರಕ್ಕಿಂತ ಜಾಸ್ತೀಲಿ ಗೆಲ್ಬೇಕಿತ್ತು. ನೀವು ನಾಲ್ಕರಲ್ಲಿ ಗೆದ್ರಿ. ಇವನೊಬ್ಬ ಗ್ಲೆನ್‌ಫೀಲ್ಡ್ ಮೇಲೆ ಕಟ್ಟಿದ್ದ. ಬುಟ್ಟಿ ತುಂಬ ತಗೊಂಡು ಹೋದ."

"ಯಾರು?"

"ಹೆಸರು ಹೇಳಿದ್ರೆ ನಾಳೆಯಿಂದ ನನ್ನ ಬಾಗಿಲಿಗೆ ಯಾರು ಬರ್ತಾರೆ?" ಎಂದ ಗಸ್. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ನೀನಲ್ಲ ಅಂತ ನಂಗೆ ಗೊತ್ತು. ಆದ್ರೆ ಅವನಿಗೆ ಪಾಠ ಹೇಳಿಕೊಟ್ಟೋರು ಯಾರೋ ಚೆನ್ನಾಗಿ ಹೇಳಿಕೊಟ್ಟಿದಾರೆ," ಎಂದ.

ಆ ಹೊತ್ತಿನಿಂದ ಎಮಿಲ್‌ಗೆ ಆ ಎರಡು ಹೆಜ್ಜೆ ನೆಲ ಕಣ್ಣಿಂದ ಹೋಗಲಿಲ್ಲ. ಗೆರೆ ದಾಟಿದ್ದರೆ ಆರು ಪಾಯಿಂಟು ಸೇರಿ ಗೆಲುವು ಹತ್ತಕ್ಕೆ ಹೋಗುತ್ತಿತ್ತು. ಹೊರೆ ಕಳಚಿ ಬೀಳುತ್ತಿತ್ತು. ತಂಗಿಯ ಗಂಡ ಅಂಥವನಲ್ಲ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ.

ಶನಿವಾರ ರಾಡೆಕ್ ಬಂದು ಕುರ್ಚಿಯಲ್ಲಿ ಒರಗಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎಮಿಲ್ ಬಿಸಿ ಬಟ್ಟೆ ಹಾಕಿದ, ನೊರೆ ಹಚ್ಚಿದ, ಒಂದು ಕೆನ್ನೆ ಮುಗಿಸಿದ.

"ಗಸ್ ಬಂದಿದ್ದ," ಎಂದ.

ರಾಡೆಕ್ ನೊರೆಯೊಳಗೇ ನಕ್ಕ. "ಅಳ್ತಿದ್ನಾ?"

ಎಮಿಲ್‌ನ ಕೈ ನಿಂತಿತು. ಈ ಒಂದು ನಗೆ ಸಾಕಾಗಿತ್ತು, ಆದರೂ ಕೇಳಿದ. "ನೀನೇನಾ?"

"ನಿನ್ನ ಶಿಷ್ಯ ಅಲ್ವಾ ಭಾವ. ಇದೇ ಕುರ್ಚೀಲಿ ಕೂತು ಕಲ್ತಿದ್ದು. ನೀನು ಮೆಚ್ಕೋತೀಯ ಅಂದ್ಕೊಂಡಿದ್ದೆ ನಾನು. ನೋಡು, ಹುಡುಗರು ಗೆದ್ರು. ಊರಿಗೆ ಹಬ್ಬ ಆಯ್ತು. ಗ್ಲೆನ್‌ಫೀಲ್ಡೋರು ಮರ್ಯಾದೆ ಉಳೀತು ಅಂತ ನನ್ನ ಕೈ ಕುಲುಕಿದ್ರು. ಒಬ್ಬ ಜೂಜುಗಾರ ಬಡವಾದ. ಯಾರಿಗೇನು ನಷ್ಟ ಹೇಳು."

"ಮತೂಶ್ ಇನ್ನೂ ನೆಟ್ಟಗೆ ಊಟ ಮಾಡ್ತಿಲ್ಲ."

"ಹುಡುಗರು ಮರೀತಾರೆ."

"ನಾನು ಅವನ ಅಜ್ಜಿಗೆ ಮಾತು ಕೊಟ್ಟೆ. ನೀನು ನ್ಯಾಯವಾಗಿ ಆಡಿಸ್ದೆ ಅಂತ. ನನ್ನ ಬಾಯಿಂದ."

"ಅದು ತುಂಬಾ ಉಪಕಾರ ಆಯ್ತು ಭಾವ," ಎಂದ ರಾಡೆಕ್, ಮನಸ್ಸಿನಿಂದಲೇ. "ನೀನು ಹೇಳಿದ ಮೇಲೆ ಎಲ್ಲಾರ ಬಾಯೂ ಮುಚ್ಚಿತು. ಈಗ ಅದನ್ನ ಕೆದಕೋಕೆ ಹೋಗ್ಬೇಡ. ಕೆದಕಿದ್ರೆ ಹುಡುಗರ ಗೆಲುವಿಗೇ ಮಸಿ. ನಿನ್ನ ಕೈಲಿ ಅದಾಗಲ್ಲ, ನಂಗೊತ್ತು."

ಎಮಿಲ್ ಇನ್ನೊಂದು ಕೆನ್ನೆಯನ್ನೂ ನುಣ್ಣಗೆ ಮುಗಿಸಿದ. ಅರ್ಧ ಗಡ್ಡ ಬಿಟ್ಟು ಕಳಿಸುವ ಮನಸ್ಸಾಯಿತಂತೆ, ಆದರೆ ಕೆಲಸ ಅವನದು, ಗಡ್ಡ ಯಾರದಾದರೇನು. ಕೂಲಿ ಮಾತ್ರ ಮುಟ್ಟಲಿಲ್ಲ. ರಾಡೆಕ್ ಕನ್ನಡಿಯ ಮುಂದೆ ಇಟ್ಟ ನೋಟನ್ನು ಅವನ ಕೋಟಿನ ಜೇಬಿಗೇ ತುರುಕಿ, "ಇನ್ನು ಮನೇಲೇ ಗಡ್ಡ ತಗೊ," ಎಂದ.

ಗಸ್‌ಗೆ ಹೇಳಿ ಕಾರ್ಡಿನ ವ್ಯವಹಾರ ಅಂದಿಗೇ ಬಿಟ್ಟ. ಆ ಮೇಲೆ ಕುಂಟುತ್ತ ಇಳಿಜಾರು ಇಳಿದು ಹಾಂಕಾಳ ಮನೆಗೆ ಹೋದ. ಅವಳು ಎಲೆಕೋಸು ಹೆಚ್ಚುತ್ತ ಕೂತಿದ್ದಳು.

"ಹಾಂಕಕ್ಕ, ಅವತ್ತು ನಾನು ಆಡಿದ ಮಾತು ವಾಪಸ್ ತಗೋತೀನಿ. ಕೊನೆಯ ಚೆಂಡು ನಿನ್ನ ಮೊಮ್ಮಗಂದು. ಕೊಡ್ಬೇಕಿತ್ತು."

"ಅವತ್ತು ನ್ಯಾಯ ಅಂದೆ. ಇವತ್ತು ಅಲ್ಲ ಅಂತೀಯ. ಮಧ್ಯೆ ಏನಾಯ್ತು?"

"ಅದನ್ನ ಕೇಳ್ಬೇಡ."

ಹಾಂಕಾ ಚಾಕು ಕೆಳಗಿಟ್ಟಳು. ಅವಳಿಗೆ ಬಾಜಿಯ ಎಲ್ಲ ಬಗೆಗಳನ್ನೂ ಬಿಡಿಸಿ ಹೇಳಿದ್ದವನು ಇವನೇ. ಅವಳು ಲೆಕ್ಕ ಹಾಕಿದ್ದು ಮುಖದಲ್ಲೇ ಕಂಡಿತು.

"ಎಮಿಲ್. ನೀನು ಕಟ್ಟಿದ್ಯಾ?"

ಅವನು ಬಾಯಿ ತೆರೆದ. ನಾನಲ್ಲ ಎಂದರೆ ಮತ್ಯಾರು ಎನ್ನುತ್ತಾಳೆ. ಹೆಸರು ಹೇಳಿದರೆ ತಂಗಿಯ ಮನೆ ಬೀದಿಗೆ ಬರುತ್ತದೆ. ಹುಡುಗರು ಇಡೀ ಬದುಕು ಎದೆಗೆ ಅವಚಿಕೊಳ್ಳಬೇಕಾದ ಗೆಲುವು ಕೊಳೆಯಾಗುತ್ತದೆ. "ಇಲ್ಲ," ಎಂದಷ್ಟೇ ಹೇಳಿ ನಿಂತ. ಇಲ್ಲ ಎನ್ನುವ ಮುಂಚೆ ಅವನು ತಡೆದದ್ದನ್ನು ಹಾಂಕಾ ನೋಡಿದ್ದಳು. ಎಲೆಕೋಸನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಕೂತುಕೋ ಎನ್ನಲಿಲ್ಲ.

ಅವಳು ಊರಲ್ಲಿ ಡಂಗುರ ಹೊಡೆದವಳಲ್ಲ. ಯಾರೋ ಕೇಳಿದರು, ಇವಳು ಸುಮ್ಮನಾದಳು, ಸುಮ್ಮನಾದದ್ದೇ ಮಾತಾಯಿತು. ಕಾರ್ಡು ಇದ್ದಕ್ಕಿದ್ದಂತೆ ನಿಂತದ್ದೂ ಜನಕ್ಕೆ ಸಾಕ್ಷಿಯಾಗಿ ಕಂಡಿತು. ಆರು ಪಾಯಿಂಟಿನ ಸುದ್ದಿ ಸುತ್ತಲ ಊರುಗಳಿಂದ ಹೇಗೂ ಬಂದಿತ್ತು. ನೋಡಿದಿರಾ, ನಮ್ಮ ಹುಡುಗರ ಮೇಲೆ ಬಾಜಿ ಬೇಡ ಅನ್ನುತ್ತಿದ್ದವನು ಒಳಗೊಳಗೇ ಭಾವಮೈದುನನ ಕಿವಿ ಕಚ್ಚಿ ಆಟವನ್ನೇ ಕುಯ್ದ, ಪಾಪ ಆ ರಾಡೆಕ್ ಸಾಧು ಮನುಷ್ಯ, ಭಾವನ ಮಾತು ನಂಬಿ ಮಂಡಿ ಊರಿಸಿದ, ಹೀಗೆ. ತಮ್ಮ ಮಕ್ಕಳನ್ನು ಕೈ ಹಿಡಿದು ತರುತ್ತಿದ್ದ ಅಪ್ಪಂದಿರು ಸೇತುವೆಯಾಚೆಯ ಕ್ಷೌರದಂಗಡಿಗೆ ಹೋಗತೊಡಗಿದರು. ತಂಡದ ಹುಡುಗರಂತೂ ಒಬ್ಬನೂ ಬರಲಿಲ್ಲ. ಮತೂಶ್ ಸೈನ್ಯಕ್ಕೆ ಸೇರುವ ಮುನ್ನ ತಲೆ ಬೋಳಿಸಿಕೊಂಡದ್ದೂ ಸೇತುವೆಯಾಚೆಯೇ. ಬೆಂಚಿನ ಮೇಲೆ ನನ್ನಂಥ ಎರಡು ಮೂರು ಹಳೇ ಗಿರಾಕಿಗಳು ಉಳಿದೆವು. ನಾವೂ ಅವನನ್ನು ಏನೂ ಕೇಳಲಿಲ್ಲ. ಇದೆಲ್ಲವನ್ನೂ ಅವನು ನನಗೆ ಹೇಳಿದ್ದು ರಾಡೆಕ್, ಲುಡ್ಮಿಲಾ ಇಬ್ಬರೂ ಮಣ್ಣು ಸೇರಿದ ಮೇಲೆ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ರಾಡೆಕ್ ಮತ್ತೆ ಆ ಅಂಗಡಿಯ ಬಾಗಿಲು ತಳ್ಳಿದ. ಒಳಗೆ ಬರದೆ, ಹೊರಗೂ ನಿಲ್ಲದೆ, ಹೊಸ್ತಿಲ ಮೇಲೆ ನಿಂತ. ಕಣ್ಣಲ್ಲಿ ನೀರಿತ್ತು ಎಂದು ಎಮಿಲ್ ಹೇಳಿದ. ಅವನ ಮೇಲೆ ಸುಳ್ಳು ಹೇಳಲಾರೆ, ನಿಜವಾದ ನೀರೇ ಎಂದ.

"ಭಾವ, ಹಿಂಗಾಗುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಲುಡ್ಮಿಲಾ ದಿನಾ ಅಳ್ತಾಳೆ, ಅಣ್ಣನ್ನ ಊರು ಹಿಂಗೆ ಅನ್ನುತ್ತಲ್ಲ ಅಂತ. ನಾನೊಂದು ಯೋಚನೆ ಮಾಡಿದೀನಿ. ತಂಡದ ಊಟ ಇದೆ ಬರೋ ಭಾನುವಾರ, ಊರೆಲ್ಲ ಸೇರುತ್ತೆ. ನಾನೇ ಎದ್ದು ನಿಂತು ಹೇಳ್ತೀನಿ, ಎಮಿಲ್ ಕೊವಾಲಿಕ್ ಚಿನ್ನದಂಥ ಮನುಷ್ಯ, ಅವನಿಗೂ ಆ ಬಾಜಿಗೂ ಸಂಬಂಧ ಇಲ್ಲ, ನನ್ನಾಣೆ ಅಂತ. ನಾನು ಹೇಳಿದ್ರೆ ನಂಬ್ತಾರೆ. ಮಾರನೇ ದಿನ ಹುಡುಗರನ್ನೆಲ್ಲ ಸಾಲಾಗಿ ಕರ್ಕೊಂಡು ಬಂದು ಇಲ್ಲೇ ಕೂದಲು ತೆಗೆಸ್ತೀನಿ. ಅಷ್ಟಾದ್ರೂ ಮಾಡೋಕೆ ಬಿಡು."

ಎಮಿಲ್ ಬಟ್ಟೆ ಮಡಿಸುತ್ತಿದ್ದ. ಮಡಿಸಿ ಮುಗಿಸಿ ಹೇಳಿದ.

"ಬೇಡ ರಾಡೆಕ್. ಯಾರು ಕಟ್ಟಿದ್ದು ಅಂತ ಹೇಳ್ತೀಯ? ಹೇಳಲ್ಲ. ಹೇಳು ಅಂತ ನಾನೂ ಕೇಳ್ತಿಲ್ಲ, ಆ ಹುಡುಗರ ಮುಖ ನೋಡ್ಕೊಂಡು. ಹಂಗಿದ್ಮೇಲೆ ನಾನು ಒಳ್ಳೆಯವನು ಅಂತ ನಿನ್ನ ಬಾಯಿಂದ ಬರೋದೂ ಬೇಡ. ನೀನು ಹೇಳಿದ್ರೆ ಊರು ನಂಬುತ್ತೆ, ಅದೂ ನಂಗೊತ್ತು. ಆಮೇಲೆ ಒಂದೊಂದು ತಲೆ ಈ ಕುರ್ಚೀಲಿ ಬಂದು ಕೂತಾಗ್ಲೂ ನೀನು ಕಳಿಸಿದ್ದಕ್ಕೆ ಬಂತು ಅಂತ ನಾನು ಕತ್ತರಿ ಆಡಿಸ್ಬೇಕು. ನನ್ನ ಕೈಲಾಗಲ್ಲ. ಬರೋರು ಅವರಾಗೇ ಬರ್ಲಿ, ಬರದಿದ್ರೆ ಬಿಡ್ಲಿ. ಲುಡ್ಮಿಲಾಗೆ ಅಣ್ಣ ಚೆನ್ನಾಗಿದಾನೆ ಅಂತ ಹೇಳು. ಈಗ ಬಾಗಿಲು ಎಳ್ಕೊಂಡು ಹೋಗು, ಗಾಳಿ ಒಳಗೆ ಬರ್ತಾ ಇದೆ."